ಬ್ಯಾರನ್ ದ್ವೀಪದ ಲಾವಾವನ್ನು ಮೈಸೂರಿನಲ್ಲಿ ಕುಳಿತು ಗುರುತಿಸಿದ ಬಗೆ

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಉಚಿತ ಚಿತ್ರಗಳನ್ನು ನಂಬಿ ಅಂಡಮಾನಿನ ಜ್ವಾಲಾಮುಖಿಯಾದ ಬ್ಯಾರನ್ ದ್ವೀಪದ ಮೇಲೆ ಕಣ್ಣಿಡಲಾಗದು, ಅಲ್ಲಿನ ಮೋಡ ಎಲ್ಲವನ್ನೂ ನುಂಗಿಬಿಡುತ್ತದೆ ಎಂದು ಈ ಕೆಲಸ ಬಲ್ಲವರೇ ನನಗೆ ಹೇಳಿದ್ದರು. ಈಗ ಜ್ವಾಲಾಮುಖಿ ಉಗುಳಿದ ಸುದ್ದಿ ಪತ್ರಿಕೆಗೆ ಬರುವ ಹೊತ್ತಿಗೆ, ಹೆಚ್ಚಿನ ಸಲ, ನನ್ನ ಪಟ್ಟಿಯಲ್ಲಿ ಆ ದಿನ ಆಗಲೇ ಕೆಂಪಾಗಿರುತ್ತದೆ, ಅಂದರೆ ಲಾವಾ ಕಂಡ ದಿನವೆಂದು ಗುರುತಾಗಿರುತ್ತದೆ.

ಅದಕ್ಕೂ ಮೊದಲು ಕೈಬಿಟ್ಟುಹೋದ ದುಡ್ಡು ಕಡಿಮೆಯೇನಲ್ಲ. ಅಂಡಮಾನಿನ ಸ್ವರಾಜ್ ದ್ವೀಪದಿಂದ (ಹಿಂದಿನ ಹ್ಯಾವ್ಲಾಕ್) ದೋಣಿ ಬಾಡಿಗೆಗೆ ಹಿಡಿದದ್ದಕ್ಕೆ ಸುಮಾರು 40,000 ರೂಪಾಯಿ ಹೋಯಿತು. ಕಡಲು ಎದ್ದು ಅರ್ಧ ದಾರಿಯಿಂದಲೇ ಹಿಂತಿರುಗಬೇಕಾಯಿತು. ಆಮೇಲೆ ಒಂದು ಕಂಪನಿಯಿಂದ ಹೆಚ್ಚು ಸ್ಪಷ್ಟತೆಯ ಉಪಗ್ರಹ ಚಿತ್ರ ಕೊಂಡೆ. ದ್ವೀಪದ ಅಡ್ಡಳತೆ ಬರೀ ಮೂರು ಕಿಲೋಮೀಟರ್, ಅವರ ಕನಿಷ್ಠ ಆರ್ಡರ್ ಅದಕ್ಕಿಂತ ಎಷ್ಟೋ ದೊಡ್ಡದು. 25,000ದ ಆಸುಪಾಸು ಕೊಟ್ಟ ಚಿತ್ರದಲ್ಲಿ ಬಹುಪಾಲು ಸಮುದ್ರ. ಕುಳಿಯ ನೆತ್ತಿಯ ಮೇಲೆ ಸರಿಯಾಗಿ ಮೋಡ.

ಚಿತ್ರ ನೋಡುವುದನ್ನು ಬಿಟ್ಟು, ಸೆಂಟಿನೆಲ್-2 ಹಿಡಿಯುವ ಎರಡು ಅವಗೆಂಪು ಬ್ಯಾಂಡ್‌ಗಳ (ಕಣ್ಣಿಗೆ ಕಾಣದ ಬೆಳಕಿನ ಪಟ್ಟಿಗಳು), 12 ಮತ್ತು 11ರ, ಅನುಪಾತ ನೋಡತೊಡಗಿದ ಮೇಲೆ ದಾರಿ ಸಿಕ್ಕಿತು. ಮೋಡವೂ ಹೊಳೆಯುತ್ತದೆ, ನೀರಿನ ಮೇಲಿನ ಬಿಸಿಲೂ ಹೊಳೆಯುತ್ತದೆ. ಆದರೆ ಅವುಗಳಲ್ಲಿ 12ನೇ ಬ್ಯಾಂಡ್ 11ನ್ನು ಮೀರುವುದು ಅಪರೂಪ. ಕೆಂಡವಾದ ಬಂಡೆಯಲ್ಲಿ ಮೀರುತ್ತದೆ. ತೆಳುಮೋಡ ಎರಡನ್ನೂ ಮಂಕು ಮಾಡಿದರೂ ಅನುಪಾತವನ್ನು ಪೂರ್ತಿ ಅಳಿಸುವುದಿಲ್ಲ. ಇಡೀ ದ್ವೀಪವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕೆಲಸ ಕೆಡುತ್ತದೆ. ಪಶ್ಚಿಮಕ್ಕೆ ಒಡೆದುಕೊಂಡ ಕ್ಯಾಲ್ಡೆರಾದೊಳಗಿನ (ಜ್ವಾಲಾಮುಖಿ ಕುಸಿದು ಆದ ದೊಡ್ಡ ಬೋಗುಣಿ) ಬೂದಿ ಶಂಕು, ಅಲ್ಲಿಂದ ಲಾವಾ ಕಡಲಿಗೆ ಹರಿದ ಹಾದಿ, ಇಷ್ಟನ್ನೇ ಕತ್ತರಿಸಿಟ್ಟುಕೊಳ್ಳಿ.

ಉಗುಳು ಜೋರಾಗಿರುವ ದಿನ ಇನ್ನೊಂದು ತೊಡಕು. ಕುಳಿಯ ನಟ್ಟನಡುವಿನ ಪಿಕ್ಸೆಲ್‌ನಲ್ಲಿ ಎರಡೂ ಬ್ಯಾಂಡ್ ಅಳೆಯಬಲ್ಲ ಗರಿಷ್ಠ ಮಟ್ಟಕ್ಕೆ ತುಂಬಿಹೋಗಿ ಅನುಪಾತ ಒಂದರ ಹತ್ತಿರಕ್ಕೆ ಇಳಿಯುತ್ತದೆ, ತಂತ್ರಾಂಶ ಅದನ್ನು ಮೋಡವೆಂದು ತಳ್ಳಿಹಾಕುತ್ತದೆ. ಆಗ ಈ ಬ್ಯಾಂಡ್‌ಗಳಿಗೆ ಬಣ್ಣ ಕೊಟ್ಟ ಚಿತ್ರದಲ್ಲಿ ಸುತ್ತಲಿನ ಉಂಗುರ ನೋಡಿ: ನಡುವೆ ಹಳದಿ ಬೆರೆತ ಬಿಳುಪು, ಅಂಚಿಗೆ ಕಿತ್ತಳೆ, ಅದರಾಚೆ ಕಡುಗೆಂಪು. ಹಾಗೆ ಕಂಡರೆ ಲಾವಾ ಎಂದೇ ಬರೆದುಕೊಳ್ಳಿ. ಉಂಗುರಕ್ಕೆ ನಾನಿಟ್ಟ ಮಿತಿ ಎಷ್ಟೆಂಬುದು ನನ್ನಲ್ಲೇ ಇರಲಿ. ಒಂದು ಮಳೆಗಾಲ ಪಟ್ಟು ಹಿಡಿದು ಕುಳಿತರೆ ನಿಮಗೂ ಸಿಗುತ್ತದೆ. ಸಂಶಯ ಉಳಿದರೆ ವಿಐಐಆರ್‌ಎಸ್ ಎಂಬ ಇನ್ನೊಂದು ಉಪಗ್ರಹ ಸಂವೇದಕ ರಾತ್ರಿ ಒಂದರ ಸುಮಾರಿಗೆ ಹಿಡಿದ ಬಿಸಿ ಬಿಂದುಗಳನ್ನು ಪಕ್ಕಕ್ಕಿಡುತ್ತೇನೆ. 375 ಮೀಟರ್ ಪಿಕ್ಸೆಲ್ ಒರಟು ನಿಜ, ಆದರೆ ಜನವಸತಿಯೇ ಇಲ್ಲದ ದ್ವೀಪದಲ್ಲಿ ಒಲೆ, ಗದ್ದೆಯ ಬೆಂಕಿಗಳ ಗೊಂದಲವಿಲ್ಲ.

ಈ ವಿಧಾನವನ್ನು ತಾಳೆ ನೋಡಲು ಆರಿಸಿದ್ದು 2017ರ ಜನವರಿ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಆಗ ಹಡಗಿನಿಂದಲೇ ಹಗಲು ಬೂದಿಯನ್ನೂ ಕತ್ತಲಾದ ಮೇಲೆ ಕೆಂಪು ಲಾವಾ ಕಾರಂಜಿಯನ್ನೂ ಕಂಡಿದ್ದರು. ಕಣ್ಣಾರೆ ಕಂಡ ಅಂಥ ಸಾಕ್ಷಿ ಈ ದ್ವೀಪಕ್ಕೆ ಸಿಗುವುದೇ ಅಪರೂಪ.

ನಡುವೆ ಕಂಪನದ ಹುಚ್ಚೂ ಹತ್ತಿತು. ಮೈಸೂರಿಗೂ ಬ್ಯಾರನ್‌ಗೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶ, 12.3 ಡಿಗ್ರಿ, ನಡುವೆ 1,800 ಚಿಲ್ಲರೆ ಕಿಲೋಮೀಟರ್. 15,000 ರೂಪಾಯಿಯ ಒಳಗೆ ನೆಲದ ಅದುರು ಹಿಡಿಯುವ ಒಂದು ಜಿಯೋಫೋನ್ ಕಟ್ಟಿ ನೆಲಕ್ಕೆ ಕೂರಿಸಿದೆ. ಹಗಲೆಲ್ಲ ಬಸ್ಸಿನ ಅದುರು. ರಾತ್ರಿ ಅಂಡಮಾನಿನಲ್ಲಿ ದೊಡ್ಡ ಭೂಕಂಪವಾದರೆ ನಾಲ್ಕು ನಿಮಿಷದ ಹೊತ್ತಿಗೆ ಗೆರೆ ಏಳುತ್ತದೆ. ಜ್ವಾಲಾಮುಖಿಯ ಸ್ವಂತ ನಡುಕ ಇಷ್ಟು ದೂರ ಬರುವುದಿಲ್ಲ. 2004ರ ಡಿಸೆಂಬರ್ 26ರ ಮಹಾಕಂಪವಾಗಿ ಐದು ತಿಂಗಳಿಗೆ ಬ್ಯಾರನ್ ಮತ್ತೆ ಉಗುಳಿತ್ತು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಭೂಕಂಪಗಳ ಪಟ್ಟಿಯನ್ನೂ ನನ್ನ ಕೆಂಪು ದಿನಗಳನ್ನೂ ಹೊಂದಿಸಿ ನೋಡುತ್ತಿದ್ದೇನೆ. ತೀವ್ರತೆ 5ಕ್ಕಿಂತ ಮೇಲಿನ ಕಂಪಗಳು ಹೊಂದಲಿಲ್ಲ, ಈಗ ನಾಲ್ಕರ ಆಸುಪಾಸಿನವನ್ನೂ ಸೇರಿಸಿದ್ದೇನೆ.