ಮಳೆಗಾಲಕ್ಕೆ ಮೊದಲು ವಿಪಿಎನ್

2020ರ ಲಾಕ್‌ಡೌನ್‌ನಲ್ಲಿ ಸರದಿಯಂತೆ ಕಚೇರಿಗೆ ಬಂದು ಉಳಿದ ದಿನ ಮನೆಯಿಂದ ಕೆಲಸ ಮಾಡಬೇಕೆಂದಾಗ ನನಗೆ ನಗು ಬಂದಿತ್ತು. ಮಡಿಕೇರಿಯ ಒಂದು ಕಚೇರಿಯಲ್ಲಿ ನಾನು ಅಧೀಕ್ಷಕಿ, ಕೈಕೆಳಗೆ ನಾಲ್ವರು ವಿಷಯ ನಿರ್ವಾಹಕರು. ದಾರ ಕಟ್ಟಿದ ಕಡತವನ್ನು ಮನೆಗೆ ಹೊತ್ತೊಯ್ಯುವುದುಂಟೇ? ಕಡತಗಳನ್ನು ಕಂಪ್ಯೂಟರ್‌ನಲ್ಲೇ ನಡೆಸುವ ಇ-ಆಫೀಸ್ ಇತ್ತು, ನಿಜ. ಅರ್ಧ ಟಿಪ್ಪಣಿ ಅದರಲ್ಲಿ, ಅರ್ಧ ಕಾಗದದಲ್ಲಿ ನಡೆಯುತ್ತಿತ್ತು.

ಮೊದಲ ತಿಂಗಳು ನಾನೇ ಕೆಡಿಸಿದೆ. ಕಣ್ಣೆದುರು ಯಾರೂ ಇಲ್ಲವೆಂದು ದಿನಕ್ಕೆ ಹತ್ತು ಸಲ ಫೋನ್. ಕೊನೆಗೆ ನಮ್ಮ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರು) ಅಂದರು: "ಮೇಡಂ, ಫೋನ್ ಎತ್ತೋದೇ ಕೆಲಸ ಆಯ್ತು." ಅಂದಿನಿಂದ ಬೆಳಿಗ್ಗೆ ಒಂದೇ ಕರೆ. ಸರದಿಯವರು ಟಪಾಲು ಒಡೆದು, ಸ್ಕ್ಯಾನ್ ಮಾಡಿ 11 ಗಂಟೆಯೊಳಗೆ ಸಂಬಂಧಪಟ್ಟವರಿಗೆ ಕಳಿಸಬೇಕು. ಸಂಜೆ ನಾನು ಬಾಕಿ ಕಡತಗಳ ಪಟ್ಟಿ ತೆರೆದರೆ ಸಾಕು: ಯಾವುದು ಯಾರ ಬಳಿ ಎಷ್ಟು ದಿನದಿಂದ ಕೂತಿದೆ ಎಂಬುದು ಅಲ್ಲೇ ಕಾಣುತ್ತದೆ. ಹಾಜರಿ ಪುಸ್ತಕ ಇಷ್ಟು ವರ್ಷ ಅದನ್ನು ನನಗೆ ಹೇಳಿರಲಿಲ್ಲ.

ಎಲ್ಲ ಕಡತವೂ ಮನೆಗೆ ಹೋಗುವಂಥದ್ದಲ್ಲ. ಒಬ್ಬರ ಪಿಂಚಣಿ ಪ್ರಸ್ತಾವನೆಯನ್ನು ಸೇವಾ ಪುಸ್ತಕದ ಸ್ಕ್ಯಾನ್ ಪ್ರತಿ ನೋಡಿಯೇ ಮುಗಿಸಿದೆವು. ಎರಡು ಪುಟ ಸ್ಕ್ಯಾನ್ ಆಗಿರಲೇ ಇಲ್ಲ. ಆಕ್ಷೇಪಣೆಯೊಂದಿಗೆ ವಾಪಸ್ ಬಂತು. ಆ ಹಿರಿಯರು ಸೋಮವಾರಪೇಟೆಯಿಂದ ಎರಡು ಸಲ ಅಲೆದರು. ತಪ್ಪು ನನ್ನದು, ಸಹಿ ಹಾಕಿದ್ದು ನಾನೇ. ಸೇವಾ ಪುಸ್ತಕ ನೋಡಬೇಕಾದ ಕೆಲಸ ಆಮೇಲೆ ಕಚೇರಿ ಮೇಜು ಬಿಟ್ಟು ಹೋಗಲಿಲ್ಲ.

ಆ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಭಾಗಮಂಡಲದಲ್ಲಿ ಸಂಗಮ ಉಕ್ಕಿ ರಸ್ತೆ ಮೇಲೆ ನೀರು. ಆ ಕಡೆಯ ನಮ್ಮ ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕರಿಗೆ) ಮನೆಯಿಂದಲೇ ಮಾಡಲು ಸಾಹೇಬರು ಬಾಯಿಮಾತಿನಲ್ಲಿ ಒಪ್ಪಿದರು. ಮಾಡುವುದೇನು? ಕರೆಂಟಿಲ್ಲ, ಟವರ್ ಇಲ್ಲ. ಇ-ಸೈನ್ ಮಾಡೋಣವೆಂದರೆ ಒಟಿಪಿ ಬರಬೇಕಲ್ಲ, ಅವರು ಅದಕ್ಕಾಗಿ ಕೊಡೆ ಹಿಡಿದು ತೋಟದ ದಿಣ್ಣೆ ಹತ್ತಿದ್ದರಂತೆ. ಗುಡ್ಡ ಜಾರುವ ದಿನ ಕೊಡಗಿನಲ್ಲಿ ಮನೆಯಿಂದ ಕೆಲಸ ಎಂಬುದು ಬರೀ ಮಾತು. ಅಂಥ ದಿನ ರಜೆ ಕೊಟ್ಟು ಸುಮ್ಮನಿರಬೇಕು. ಇದರ ಲಾಭ ಇರುವುದು ಬಸ್ಸು ತಡವಾಗುವ, ಒದ್ದೆ ಬಟ್ಟೆಯಲ್ಲಿ ಹನ್ನೊಂದಕ್ಕೆ ಬಂದು ಕೂತು ನಡುಗುವ ಸಾಮಾನ್ಯ ಮಳೆದಿನಗಳಲ್ಲಿ. ಅದೇ ಎಸ್‌ಡಿಎ ಜುಲೈಯಲ್ಲಿ ಮನೆಯಿಂದ ಮಾಡಿದ ದಿನಗಳಲ್ಲಿ ಹತ್ತೂವರೆಗೇ ಮೊದಲ ಟಿಪ್ಪಣಿ ಏರಿಸುತ್ತಿದ್ದರು.

"ಕಾಫಿ ಕುಯ್ಲಿಗೂ ಈ ಸೌಲಭ್ಯ ಉಂಟಾ ಮೇಡಂ?" ಅಂತ ಒಬ್ಬರು ಕೇಳಿದರು. ತಮಾಷೆಗೋ ನಿಜಕ್ಕೋ ಇವತ್ತಿಗೂ ಗೊತ್ತಾಗಿಲ್ಲ.

ಈಗ ಎಲ್ಲರೂ ಕಚೇರಿಗೇ ಬರುತ್ತೇವೆ. ಟಪಾಲು ಮಾತ್ರ ಈಗಲೂ ಹನ್ನೊಂದರೊಳಗೆ ಸ್ಕ್ಯಾನ್ ಆಗುತ್ತದೆ. ಮೇ ಕೊನೆಯಲ್ಲಿ ಕೊಡೆ ರಿಪೇರಿ ಮಾಡಿಸುವ ಹೊತ್ತಿಗೇ ಮನೆಯಿಂದ ಇ-ಆಫೀಸ್‌ಗೆ ಸುರಕ್ಷಿತವಾಗಿ ಸೇರಲು ಬೇಕಾದ ವಿಪಿಎನ್ ಸಂಪರ್ಕ ನಾಲ್ವರಿಗೂ ನಡೆಯುತ್ತಿದೆಯೇ, ಡಿಜಿಟಲ್ ಸಹಿಯ ಅವಧಿ ಎಂದು ಮುಗಿಯುತ್ತದೆ ಎಂದು ನೋಡಿ ಬರೆದಿಡುತ್ತೇನೆ.