ಕರಾವಳಿ ಸೆಕೆಯಲ್ಲಿ ವ್ಯಾನಿನ ಫ್ರಿಡ್ಜ್ ಓಡಿಸುವ ಲೆಕ್ಕ

ಕ್ಯಾಂಪರ್ ವ್ಯಾನಿಗೆ ಫ್ರಿಡ್ಜ್ ಹಾಕಿಸಿದವರು ನನ್ನ ಹತ್ರ ಮೊದಲು ಕೇಳುವುದು, ‘ಇನ್ನೊಂದು ಬ್ಯಾಟರಿ ಬೇಕಾ?’ ಅಂತ. ಸ್ವಲ್ಪ ತಡೆಯಿರಿ, ಲೆಕ್ಕ ನೋಡೋಣ.

12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಡ್ಜ್ ಓಡುವಾಗ 45 ವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಿನದಲ್ಲಿ ಅರ್ಧ ಹೊತ್ತು ಓಡಿದರೆ 540 ವ್ಯಾಟ್-ಅವರ್. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ, ಬ್ಯಾಟರಿ ಅಳೆಯುವ ಲೆಕ್ಕದಲ್ಲಿ 45 ಆಂಪಿಯರ್-ಅವರ್. 100 ಆಂಪಿಯರ್-ಅವರಿನ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು. ಅಲ್ಲಿಗೆ ಒಂದು ದಿನ. ಲಿಥಿಯಂ ಆದರೆ ಹೆಚ್ಚುಕಡಿಮೆ ಎರಡು ದಿನ. ಆದರೆ ಏಪ್ರಿಲ್ ಬಿಸಿಲಿಗೆ ಆ ಅರ್ಧ ಹೊತ್ತು ಮುಕ್ಕಾಲಾಗಿಬಿಡುತ್ತದೆ. ಬ್ಯಾಟರಿ ಹೆಚ್ಚಿಸುವ ಮೊದಲು ಫ್ರಿಡ್ಜ್ ಓಡುವ ಹೊತ್ತು ಇಳಿಸಿ.

ಮಲ್ಪೆ ಬಂದರಿನಲ್ಲಿ ಒಳ್ಳೆ ಬಂಗುಡೆ ಸಿಕ್ಕಿತು ಅಂತ ಎರಡು ಕಿಲೋ ನೇರ ಫ್ರಿಡ್ಜಿಗೆ ತುರುಕಬೇಡಿ. ಅಷ್ಟನ್ನೂ ತಣ್ಣಗಾಗಿಸಲು ಕಂಪ್ರೆಸರ್ ಗುರ್ರ್ ಅಂತ ಬಿಡದೆ ಓಡುತ್ತದೆ. ಮೀನಿಗೆ ಥರ್ಮಾಕೋಲ್ ಪೆಟ್ಟಿಗೆ, ಪುಡಿ ಐಸ್. ಬಂದರಿನಲ್ಲಿ ಐಸಿಗೆ ಬರವಾ? ಫ್ರಿಡ್ಜ್ ಇರುವುದು ಹಾಲು, ಮೊಸರು, ದೋಸೆ ಹಿಟ್ಟಿಗೆ. ಅವನ್ನೂ ಹಿಂದಿನ ರಾತ್ರಿಯೇ ಮನೆ ಕರೆಂಟಿನಲ್ಲಿ ತಣ್ಣಗೆ ಮಾಡಿಟ್ಟುಕೊಳ್ಳಿ. 4 ಡಿಗ್ರಿ ಸಾಕು.

ನಮ್ಮಲ್ಲಿ ಗಾಳಿಯಲ್ಲಿ ತೇವ ಜಾಸ್ತಿ. ಬಾಗಿಲು ತೆಗೆದಾಗಲೆಲ್ಲ ಅದು ಒಳಗೆ ಹೋಗಿ ನೀರಾಗುತ್ತದೆ, ಅದಕ್ಕೂ ಕರೆಂಟು ಖರ್ಚು. ತಳದಲ್ಲಿ ನೀರು ನಿಂತಿದೆಯಾ ನೋಡಿ. ನಿಂತಿದ್ದರೆ ಒಂದೋ ಸುಮ್ನೆ ಸುಮ್ನೆ ತೆಗೆಯುತ್ತಿದ್ದೀರಿ, ಇಲ್ಲವೇ ಬಾಗಿಲಿನ ರಬ್ಬರ್ ಸಡಿಲವಾಗಿದೆ. ಮಕ್ಕಳ ಕುಡಿಯುವ ನೀರಿಗೆ ಬೇರೆ ಜಗ್ ಇಡಿ. ಫ್ರಿಡ್ಜಿನ ಬಿಸಿಗಾಳಿ ಹೊರಬರುವ ಕಡೆ ಬೆಡ್‌ಶೀಟ್ ತುಂಬಬೇಡಿ.

ವೈರು ದಪ್ಪ ಇರಲಿ. 1.5 ಚದರ ಮಿಲಿಮೀಟರಿನ ವೈರಲ್ಲಿ ನಾಲ್ಕು ಮೀಟರ್ ದೂರ 5 ಆಂಪಿಯರ್ ಹರಿದರೆ, ಹೋಗಿ ಬರುವುದರೊಳಗೆ ಅರ್ಧ ವೋಲ್ಟ್ ಕರಗುತ್ತದೆ. ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಫ್ರಿಡ್ಜ್ ಕಟ್ಟಾಗುವುದು ಹೀಗೇ. 6 ಚದರ ಮಿಲಿಮೀಟರ್ ಹಾಕಿಸಿ. 12 ವೋಲ್ಟಿನ ಫ್ರಿಡ್ಜಿಗೆ ನಡುವೆ ಇನ್ವರ್ಟರ್ ಬೇಡವೇ ಬೇಡ.

ವ್ಯಾನ್ ನೆರಳಿಗೆ, ಸೋಲಾರ್ ಪ್ಯಾನೆಲ್ ಬಿಸಿಲಿಗೆ. ಮಡಚುವ ಪ್ಯಾನೆಲ್ ಇದ್ದರೆ ಎರಡೂ ಆಗುತ್ತದೆ. ಬೀಚಿನ ಗಾಳಿಮರದಡಿ ನಿಲ್ಲಿಸಿ, ತೆಂಗಿನ ಮರದಡಿ ಬೇಡ, ಕಾರಣ ಹೇಳಬೇಕಾ! ಜೂನ್ ಮಳೆ ಶುರುವಾದ ಮೇಲೆ ಪ್ಯಾನೆಲ್ ನಂಬಬೇಡಿ. ಆಗ ಎಂಜಿನ್ನಿನಿಂದಲೇ ಚಾರ್ಜ್ ಆಗಬೇಕು. ಎಂಜಿನ್ ಓಡುವಾಗ ಫ್ರಿಡ್ಜಿನ ಬ್ಯಾಟರಿಗೆ ಚಾರ್ಜ್ ಕೊಡುವ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದ್ದರೆ ಮಂಗಳೂರಿನಿಂದ ಉಡುಪಿಗೆ ಬರುವ ಒಂದು ಗಂಟೆಯಲ್ಲಿ ಹತ್ತಿರ ಹತ್ತಿರ ಅರ್ಧ ದಿನದ ಫ್ರಿಡ್ಜ್ ಖರ್ಚು ಹುಟ್ಟುತ್ತದೆ.