ಕ್ಲಿಪ್ ಹಾಕಿಸುವವರು ಬುದ್ಧಿ ಹಲ್ಲನ್ನು ಏನು ಮಾಡಬೇಕು?

ಕ್ಲಿಪ್ ಬಿಚ್ಚಿಸಿ ಕೆಲವು ವರ್ಷಕ್ಕೆ ಕೆಳಗಿನ ಮುಂಭಾಗದ ಹಲ್ಲುಗಳು ಮತ್ತೆ ಸೊಟ್ಟಗಾದರೆ ಬೈಗುಳ ಬೀಳುವುದು ಬುದ್ಧಿ ಹಲ್ಲಿಗೆ. ಅದು ಮೂಡುವುದೂ ಸುಮಾರು 17ರಿಂದ 25ರ ವಯಸ್ಸಿನಲ್ಲೇ ಆದ್ದರಿಂದ ಅನುಮಾನ ಸಹಜ. ಆದರೆ ಬುದ್ಧಿ ಹಲ್ಲು ಹುಟ್ಟಿನಿಂದಲೇ ಇಲ್ಲದವರಿಗೂ, ಕೀಳಿಸಿಕೊಂಡವರಿಗೂ ಹೀಗೆ ಆಗುತ್ತದೆ. ವಸಡಿನ ನಾರುಗಳು ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತವೆ, ಕೆಳದವಡೆ ತಡವಾಗಿಯೂ ಒಂದಿಷ್ಟು ಬೆಳೆಯುತ್ತದೆ, ಹಲ್ಲುಗಳು ಜೀವನಪೂರ್ತಿ ಮೆಲ್ಲಗೆ ಮುಂದಕ್ಕೆ ಸರಿಯುತ್ತವೆ. ಮುಂದೆ ಸೊಟ್ಟಗಾದೀತು ಎಂಬ ಒಂದೇ ಭಯಕ್ಕೆ ಬುದ್ಧಿ ಹಲ್ಲು ಕೀಳಿಸಬೇಡಿ. ಸಾಲು ಕಾಯುವ ಕೆಲಸ ರಿಟೇನರ್‌ನದು, ಅಂದರೆ ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಸರಿಯದಂತೆ ಹಾಕಿಕೊಳ್ಳುವ ಸಾಧನದ್ದು.

ಹಾಗಂತ ನೋಡದೆ ಬಿಡುವಂತೆಯೂ ಇಲ್ಲ. ಕ್ಲಿಪ್ ಹಾಕುವ ಮುಂಚೆ ಎರಡೂ ದವಡೆ ಒಟ್ಟಿಗೆ ಕಾಣುವ ಒಪಿಜಿ ಎಕ್ಸ್‌ರೇ ತೆಗೆಸುತ್ತಾರಲ್ಲ, ಅದರಲ್ಲೇ ಕೇಳಿ ತಿಳಿದುಕೊಳ್ಳಿ: ನಾಲ್ಕೂ ಇವೆಯೇ, ನೆಟ್ಟಗಿವೆಯೇ ಇಲ್ಲ ಮುಂದಿನ ದವಡೆ ಹಲ್ಲಿನ ಕಡೆ ವಾಲಿವೆಯೇ, ಹಿಂದೆ ಮೂಡಲು ಜಾಗವಿದೆಯೇ, ಕೆಳಗಿನ ಬೇರು ನರದ ಕಾಲುವೆಗೆ ತಾಗಿದಂತಿದೆಯೇ. ತಾಗಿದಂತೆ ಕಂಡರೆ ಕೀಳುವ ಮುಂಚೆ ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಕೇಳಬಹುದು. ಆ ನರಕ್ಕೆ ಪೆಟ್ಟಾದರೆ ಕೆಳತುಟಿ, ಗದ್ದ ಮರಗಟ್ಟುತ್ತದೆ.

ಕೀಳಿಸಲು ಗಟ್ಟಿ ಕಾರಣಗಳು ಬೇರೆಯೇ ಇವೆ. ಅರ್ಧ ಮೂಡಿದ ಹಲ್ಲಿನ ಮೇಲಿನ ವಸಡು ಪದೇಪದೇ ಊದಿಕೊಂಡು ಕೀವಾಗುವುದು, ಪಕ್ಕದ ಹಲ್ಲಿನ ಹಿಂಬದಿ ಹುಳುಕಾಗುವುದು ಅಥವಾ ಅದರ ಬೇರು ಸವೆಯುವುದು, ಸುತ್ತ ನೀರುಗುಳ್ಳೆ ಕಟ್ಟುವುದು. ಕ್ಲಿಪ್‌ಗೆ ನೇರವಾಗಿ ಸಂಬಂಧಿಸಿದ್ದು ಮೂರು: ದವಡೆ ಹಲ್ಲುಗಳನ್ನು ಹಿಂದಕ್ಕೆ ಸರಿಸುವ ಯೋಜನೆ ಇದ್ದರೆ, ಎರಡನೆಯ ದವಡೆ ಹಲ್ಲು ಸಿಕ್ಕಿಕೊಂಡು ಅದನ್ನು ನೆಟ್ಟಗೆ ನಿಲ್ಲಿಸಬೇಕಿದ್ದರೆ, ಇಲ್ಲವೇ ದವಡೆಯ ಶಸ್ತ್ರಚಿಕಿತ್ಸೆ ಆಗಬೇಕಿದ್ದರೆ. ಶಸ್ತ್ರಚಿಕಿತ್ಸೆಯಾದರೆ ಮೂಳೆ ತುಂಬಿಕೊಳ್ಳಲೆಂದು ಕೆಳಗಿನದನ್ನು ಸಾಮಾನ್ಯವಾಗಿ ಆರು ತಿಂಗಳ ಮೊದಲೇ ಕೀಳಿಸುವುದುಂಟು. ತದ್ವಿರುದ್ಧವೂ ಇದೆ. ಮೊದಲ ಅಥವಾ ಎರಡನೆಯ ದವಡೆ ಹಲ್ಲು ಉಳಿಯುವಂತಿಲ್ಲ ಎಂದಾದರೆ ಬುದ್ಧಿ ಹಲ್ಲನ್ನು ಮುಂದೆ ತಂದು ಜಾಗ ತುಂಬಿಸಬಹುದು. ಆತುರದಲ್ಲಿ ಕಿತ್ತರೆ ಆ ದಾರಿ ಮುಚ್ಚಿತು.

ಕೀಳಲೇಬೇಕಿದ್ದರೆ ಬೇರು ಮೂರನೇ ಒಂದರಿಂದ ಮೂರನೇ ಎರಡರಷ್ಟು ಬೆಳೆದಿರುವಾಗ ಸುಲಭ. ಬೇರು ಪೂರ್ತಿ ಬೆಳೆದು ಮೂಳೆ ಗಟ್ಟಿಯಾದ ಮೇಲೆ ಕೆಲಸ ಕಷ್ಟ, ಗಾಯ ಮಾಯುವುದೂ ನಿಧಾನ. ಕ್ಲಿಪ್ ಇರುವಾಗಲೂ ಕೀಳಬಹುದು. ದಿನಾಂಕವನ್ನು ಕ್ಲಿಪ್ ಹಾಕುವ ವೈದ್ಯರಿಗೆ (ಆರ್ಥೋಡಾಂಟಿಸ್ಟ್) ಮೊದಲೇ ತಿಳಿಸಿ, ತಂತಿ ಬಿಗಿಸುವ ದಿನಕ್ಕೆ ಒತ್ತಿಕೊಂಡಂತೆ ಇಡಬೇಡಿ. ಎರಡು ನೋವು ಒಟ್ಟಿಗೆ ಬೇಡ.

ಕೀಳಿಸಿದ ದಿನ ಹತ್ತಿಬಟ್ಟೆಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. ಮೊದಲ 24 ಗಂಟೆ ಉಗುಳುವುದು, ಬಾಯಿ ಮುಕ್ಕಳಿಸುವುದು, ಸ್ಟ್ರಾನಲ್ಲಿ ಹೀರುವುದು ಬೇಡ. ಧೂಮಪಾನವನ್ನು ಇನ್ನೂ ಹೆಚ್ಚು ದಿನ ಬಿಡಿ. ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಮೂಳೆ ಬಯಲಾಗಿ, ಕಡಿಮೆಯಾಗುತ್ತಿದ್ದ ನೋವು ಮೂರು-ನಾಲ್ಕನೆಯ ದಿನ ಕಿವಿಯವರೆಗೂ ಸಿಡಿಯುತ್ತದೆ. ಆಗ ಮಾತ್ರೆ ನುಂಗುತ್ತ ಕೂರದೆ ವೈದ್ಯರ ಬಳಿ ಹೋಗಿ, ಗುಳಿ ತೊಳೆದು ಔಷಧಿ ಇಡುತ್ತಾರೆ. 24 ಗಂಟೆಯ ನಂತರ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದಾಗಲೆಲ್ಲ ಮೆಲ್ಲಗೆ ಬಾಯಲ್ಲಿ ಆಡಿಸಿ ಬಿಡಿ. ಬಾವು ಎರಡು-ಮೂರನೆಯ ದಿನ ಹೆಚ್ಚಿದ್ದು ಆಮೇಲೆ ಇಳಿಯಬೇಕು. ಇಳಿಯದೆ ಜ್ವರ ಬಂದರೆ ಅದೇ ದಿನ ತೋರಿಸಿ. ನುಂಗಲು, ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹೆಚ್ಚಿನವರು ಎಡವುವುದು ಇಲ್ಲೇ: ಬಾಯಿ ನೋವೆಂದು ರಿಟೇನರ್ ತೆಗೆದಿಟ್ಟು ವಾರಗಟ್ಟಲೆ ಮರೆಯುವುದು. ಹಿಂದಿನ ತುದಿ ಗಾಯಕ್ಕೆ ತಾಗುತ್ತಿದ್ದರೆ ಸ್ವಲ್ಪ ಕತ್ತರಿಸಿಕೊಡಲು ಕೇಳಿ. ಒಂದೆರಡು ದಿನದ ಬಿಡುವಿನ ಮೇಲೆ ಬಿಗಿ ಅನಿಸಿದರೂ ಪೂರ್ತಿ ಕೂರುತ್ತಿದ್ದರೆ ಮತ್ತೆ ರಾತ್ರಿ ಹಾಕುತ್ತ ಬನ್ನಿ. ಕೂರದಿದ್ದರೆ ಒತ್ತಿ ಕೂರಿಸಬೇಡಿ, ಹೊಸ ಅಳತೆ ಕೊಡಿಸಿ.